ಲಿನಕ್ಸ್ ಹಾಕಿದ ಮೇಲೆ ಕೀಬೋರ್ಡ್ ಸತ್ತಂತಿತ್ತು, ಹೀಗೆ ಸರಿಮಾಡಿದೆ

ಹಳೇ ಲ್ಯಾಪ್‌ಟಾಪ್‌ಗೆ ಮೊನ್ನೆ ಲಿನಕ್ಸ್ ಹಾಕಿದೆ. ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಹೊಡೆದರೆ ಒಂದು ಚುಕ್ಕೆಯೂ ಮೂಡಲಿಲ್ಲ. ಟಚ್‌ಪ್ಯಾಡ್ ಮಾತ್ರ ಆರಾಮಾಗಿ ಓಡುತ್ತಿತ್ತು. ತುಂಬಾ ಬೇಜಾರಾಯಿತು.

ಆದರೆ ಲ್ಯಾಪ್‌ಟಾಪ್ ಆನ್ ಆದಾಗ ಲಿನಕ್ಸನ್ನು ಶುರುಮಾಡುವ ಗ್ರಬ್ ಎಂಬ ಪ್ರೋಗ್ರಾಮಿನ ಮೆನುವಿನಲ್ಲಿ ಬಾಣದ ಕೀಗಳು ಕೆಲಸ ಮಾಡುತ್ತಿದ್ದವು. ಕೀಬೋರ್ಡೇ ಕೆಟ್ಟಿದ್ದರೆ ಅಲ್ಲೂ ಓಡಬಾರದು, ಅಲ್ವಾ? ಅಂದರೆ ತೊಂದರೆ ಇದ್ದದ್ದು ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಕೀಬೋರ್ಡ್ ಕಂಟ್ರೋಲರ್ (ಕೀಬೋರ್ಡನ್ನು ನೋಡಿಕೊಳ್ಳುವ ಚಿಪ್) ನಡುವೆ. ಎಷ್ಟೋ ಲ್ಯಾಪ್‌ಟಾಪ್‌ಗಳ ಒಳಗಿನ ಕೀಬೋರ್ಡ್ ಇವತ್ತಿಗೂ ಯುಎಸ್‌ಬಿಗಿಂತ ಮುಂಚಿನ ಪಿಎಸ್/2 ಎಂಬ ಹಳೇ ಜೋಡಣೆಯ ರೀತಿಯಲ್ಲೇ, ಐ8042 ಎಂಬ ಡ್ರೈವರ್ ಮೂಲಕ ಮಾತಾಡುತ್ತದೆ.

ಗ್ರಬ್‌ನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಒಂದೊಂದೇ ಆಯ್ಕೆ ಸೇರಿಸಿ, ಎಫ್10 ಒತ್ತಿ ಬೂಟ್ ಮಾಡಿ ನೋಡುತ್ತಾ ಹೋದೆ. 'ಐ8042.ರೀಸೆಟ್' ಫಲ ಕೊಡಲಿಲ್ಲ. 'ಐ8042.ನೋಪಿಎನ್‌ಪಿ' ಕೂಡ ಇಲ್ಲ. 'ಐ8042.ಡಂಬ್‌ಕೆಬಿಡಿ' ಹಾಕಿದೆ ನೋಡಿ, ಚುಕ್ಕೆಗಳು ಟಕಟಕ ಅಂತ ಮೂಡಿದವು! ಕುಣಿಯುವಷ್ಟು ಖುಷಿಯಾಯಿತು.

ಹೀಗೆ ಸೇರಿಸಿದ್ದು ಒಂದು ಸಲಕ್ಕೆ ಮಾತ್ರ. ಹಾಗೇ ಉಳಿಯಲಿ ಅಂತ ಗ್ರಬ್‌ನ ಡೀಫಾಲ್ಟ್ ಫೈಲ್‌ನಲ್ಲಿ ಮೊದಲೇ ಇದ್ದ 'ಕ್ವಯಟ್ ಸ್ಪ್ಲ್ಯಾಶ್' ಆಯ್ಕೆಗಳ ಪಕ್ಕ ಅದನ್ನೇ ಬರೆದು, ಆ ಬದಲಾವಣೆ ಗ್ರಬ್‌ಗೆ ತಲುಪಲಿ ಅಂತ ಟರ್ಮಿನಲ್‌ನಲ್ಲಿ 'ಸುಡೋ ಅಪ್‌ಡೇಟ್-ಗ್ರಬ್' ಕಮಾಂಡ್ ಕೊಟ್ಟೆ.

ಈಗ ಕ್ಯಾಪ್ಸ್ ಲಾಕ್ ದೀಪ ಹತ್ತುವುದಿಲ್ಲ. ಈ ಆಯ್ಕೆ ಹಾಕಿದರೆ ಕರ್ನಲ್ ಕೀಬೋರ್ಡಿನಿಂದ ಬರೀ ಓದಿಕೊಳ್ಳುತ್ತದೆ, ದೀಪ ಹಚ್ಚು ಅಂತ ಹೇಳುವುದಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಸ್ವಲ್ಪ ಜಾಸ್ತಿ ಗಮನ ಕೊಡುತ್ತೇನೆ, ಅಷ್ಟೇ.