ಮೆಟ್ಟಿಲು, ಗಾಳಿ, ಹಡಗು: ಅಮ್ಮನೊಂದಿಗೆ ಗ್ರೀಕ್ ದ್ವೀಪಗಳಿಗೆ

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಐಷಾರಾಮಿ ಹೋಟೆಲುಗಳಿಗೆ ನಾನು ಬರೆದು ಕೇಳಿದ ಮೊದಲ ಪ್ರಶ್ನೆ ಇದು: ಕಾರು ನಿಲ್ಲುವ ಜಾಗದಿಂದ ಕೊಠಡಿಯ ಬಾಗಿಲಿನವರೆಗೆ ಎಷ್ಟು ಮೆಟ್ಟಿಲುಗಳಿವೆ? ನಮ್ಮೊಂದಿಗೆ ಬರುವ ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವೂ ಇದೆ. ಇಯಾ, ಫಿರಾ, ಇಮೆರೊವಿಗ್ಲಿ ಊರುಗಳ ಹೆಸರಾಂತ ಕೊಠಡಿಗಳೆಲ್ಲ ಹಳೆಯ ಜ್ವಾಲಾಮುಖಿಯ ಕುಳಿಯ ಅಂಚಿನಲ್ಲಿ, ಕಡಿದಾದ ಬಂಡೆಯ ಮೈಗೆ ಅಂಟಿಕೊಂಡಿವೆ. ಚಿತ್ರಗಳಲ್ಲಿ ಬಿಳಿ ಗೋಡೆಯೂ ಕೆಳಗಿನ ನೀಲಿ ಕಡಲೂ ಕಾಣುತ್ತವೆ, ರಸ್ತೆಯಿಂದ ಅಲ್ಲಿಗೆ ಇಳಿಯುವ ದಾರಿ ಕಾಣುವುದಿಲ್ಲ. ‘ಕೆಲವೇ ಮೆಟ್ಟಿಲು’ ಎಂದು ಉತ್ತರಿಸಿದವರನ್ನೆಲ್ಲ ಪಟ್ಟಿಯಿಂದ ತೆಗೆದೆ. ಇಮೆರೊವಿಗ್ಲಿಯ ಒಂದು ಹೋಟೆಲಿನವರು ಮೆಟ್ಟಿಲುಗಳನ್ನು ಎಣಿಸಿ ಹೇಳಿದ್ದಲ್ಲದೆ, ಹಿಡಿದುಕೊಳ್ಳಲು ಕಂಬಿ ಇರುವ ಕಡೆಯ ಫೋಟೊ ಕೂಡ ಕಳುಹಿಸಿದರು. ಅಲ್ಲೇ ಕೊಠಡಿ ಕಾಯ್ದಿರಿಸಿದೆ. ಲಕ್ಷಗಟ್ಟಲೆ ಖರ್ಚು ಮಾಡಿಯೂ ಅಮ್ಮ ಕೋಣೆಯಲ್ಲೇ ಉಳಿಯುವಂತಾದರೆ ಅದು ಎಂಥ ಸುಖ?

ಕೊಠಡಿಗೂ ಮೊದಲು ತಿಂಗಳನ್ನು ಆರಿಸಿದ್ದೆ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಕಡಲಿನ ಮೇಲೆ ಉತ್ತರದಿಂದ ಮೆಲ್ತೆಮಿ ಎಂಬ ಒಣ ಗಾಳಿ ಬೀಸುತ್ತದೆ. ಆಕಾಶ ನಿರ್ಮಲವಾಗಿದ್ದರೂ ಕೆಲವೊಮ್ಮೆ ಅದು ದಿನಗಟ್ಟಲೆ ಬಿಡುವುದಿಲ್ಲ. ಅಲೆ ಎದ್ದರೆ ಮೊದಲು ನಿಲ್ಲುವುದು ಚಿಕ್ಕ ವೇಗದ ದೋಣಿಗಳು. ದೊಡ್ಡ ಹಡಗುಗಳು ಹೆಚ್ಚು ಹೊತ್ತು ತಡೆದುಕೊಳ್ಳುತ್ತವೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಗಾಳಿ ತಗ್ಗಿರುತ್ತದೆ, ಕಡಲು ಈಜುವಷ್ಟು ಬೆಚ್ಚಗೆ ಇರುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ನವೆಂಬರ್‌ಗೆ ಕಾದರೆ ಹಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಹಾಗಾಗಿ ಸೆಪ್ಟೆಂಬರ್ ಕೊನೆಯೇ ಸರಿ ಎನಿಸಿತು.

ದ್ವೀಪಗಳ ವಿಷಯದಲ್ಲಿ ನಾನು ಹಟ ಹಿಡಿದು ಎರಡಕ್ಕೇ ನಿಂತೆ. ಒಂದೇ ಪ್ರವಾಸದಲ್ಲಿ ಐದು ದ್ವೀಪ ತೋರಿಸುತ್ತೇವೆ ಎನ್ನುವ ಪ್ಯಾಕೇಜುಗಳಲ್ಲಿ ಅರ್ಧ ಹೊತ್ತು ಬಂದರಿನಲ್ಲಿ, ಪೆಟ್ಟಿಗೆ ಕಾಯುವುದರಲ್ಲೇ ಕಳೆದುಹೋಗುತ್ತದೆ. ಅಥೆನ್ಸ್‌ನಿಂದ ಸ್ಯಾಂಟೊರಿನಿಗೆ ವಿಮಾನದಲ್ಲಿ ಹೋದೆವು, ಒಂದು ಗಂಟೆಯೂ ಬೇಕಾಗಲಿಲ್ಲ. ಅಲ್ಲಿಂದ ಎರಡನೆಯ ದ್ವೀಪ ನಾಕ್ಸೋಸ್‌ಗೆ, ನಾಕ್ಸೋಸ್‌ನಿಂದ ಅಥೆನ್ಸ್‌ನ ಪಿರೇಯಸ್ ಬಂದರಿಗೆ ದೊಡ್ಡ ಹಡಗು. ಕೊನೆಯ ದಿನಗಳನ್ನು ಅಥೆನ್ಸ್‌ಗೆ ಮೀಸಲಿಟ್ಟೆ. ಗಾಳಿ ಎದ್ದು ಹಡಗು ನಿಂತರೂ ಬೆಂಗಳೂರಿನ ವಿಮಾನ ತಪ್ಪಬಾರದು ಎಂಬುದು ಅದರ ಹಿಂದಿನ ಲೆಕ್ಕ. ಇಡೀ ಯೋಜನೆಯಲ್ಲಿ ನನಗೆ ನೆಮ್ಮದಿ ಕೊಟ್ಟ ನಿರ್ಧಾರ ಇದೇ.

ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು. ಅರ್ಜಿಯ ಜೊತೆ ವಾಸ್ತವ್ಯದ ದಾಖಲೆ ಕೇಳುವುದರಿಂದ, ರದ್ದು ಮಾಡಿದರೆ ಹಣ ಮರಳುವ ದರದಲ್ಲೇ ಎಲ್ಲವನ್ನೂ ಕಾಯ್ದಿರಿಸಿದೆ. ಇನ್ನೊಂದು ಖರ್ಚು ಹಲವರ ಲೆಕ್ಕಕ್ಕೆ ಬರುವುದಿಲ್ಲ: 2025ರ ದರದಂತೆ ಪಂಚತಾರಾ ಹೋಟೆಲಿನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕೊಠಡಿಗೆ ರಾತ್ರಿಯೊಂದಕ್ಕೆ 15 ಯೂರೊ ಹವಾಮಾನ ಶುಲ್ಕವನ್ನು ಬಾಡಿಗೆಯ ಮೇಲೆ ಬೇರೆಯಾಗಿ ಕಟ್ಟಬೇಕು. ನಾಕ್ಸೋಸ್‌ನಲ್ಲಿ ನಾವೇ ಕಾರು ಓಡಿಸುವುದಿತ್ತು. ಅದಕ್ಕೆ ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೆವು. ಅದಿಲ್ಲದೆ ನಮ್ಮ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ.

ಖಾಸಗಿ ಈಜುಕೊಳದ ಕೊಠಡಿಯನ್ನು ಕೈಬಿಟ್ಟು, ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯ ಕೊಠಡಿ ತೆಗೆದುಕೊಂಡೆವು. ಉಳಿದ ಹಣ ಎರಡು ಕಡೆ ಹೋಯಿತು, ಎರಡೂ ಸಾರ್ಥಕ.

ಒಂದು, ಅಕ್ರೊತಿರಿಗೆ ಪರವಾನಗಿ ಪಡೆದ ಮಾರ್ಗದರ್ಶಕಿ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಟ್ಟಣ ಅದು. ಅಲ್ಲಿ ಸ್ಪಿರಿಡಾನ್ ಮಾರಿನಾಟೋಸ್ ಉತ್ಖನನ ಆರಂಭಿಸಿದ್ದು 1967ರಲ್ಲಿ. ಅಗೆದು ತೆಗೆದ ಭಾಗದ ಮೇಲೆ ಈಗ ಚಾವಣಿ ಇದೆ, ಬಿಸಿಲಿನ ಕಾಟವಿಲ್ಲ. ಒಂದು ಮನೆಯ ಕಲ್ಲಿನ ಮೆಟ್ಟಿಲುಗಳೆಲ್ಲ ಭೂಕಂಪಕ್ಕೆ ಸರಿಯಾಗಿ ನಡುವೆ ಬಿರುಕುಬಿಟ್ಟು ಎರಡು ಹೋಳಾಗಿವೆ. ಅಮ್ಮ ಅಲ್ಲೇ ನಿಂತು, “ಇಲ್ಲಿದ್ದ ಜನ ಏನಾದರು?” ಎಂದು ಕೇಳಿದರು. ಉತ್ಖನನದಲ್ಲಿ ಮನುಷ್ಯರ ಅಸ್ಥಿಗಳು ಸಿಕ್ಕಿಲ್ಲ, ಅಪಾಯವನ್ನು ಅರಿತು ಊರು ಬಿಟ್ಟಿರಬೇಕು ಎಂದು ಮಾರ್ಗದರ್ಶಕಿ ವಿವರಿಸಿದರು. ಅಮ್ಮನ ಮುಖ ಅರಳಿತು. ಬರೀ ಫಲಕ ಓದಿಕೊಂಡು ಹೋಗಿದ್ದರೆ ಆ ಮಾತು ನಡೆಯುತ್ತಲೇ ಇರಲಿಲ್ಲ.

ಇನ್ನೊಂದು, ನಮಗಾಗಿಯೇ ಗೊತ್ತು ಮಾಡಿದ ದೋಣಿ. ದಕ್ಷಿಣದ ವ್ಲಿಹಾದಾ ಬಂದರಿನಲ್ಲಿ ಕಾರು ಕಟ್ಟೆಯವರೆಗೂ ಹೋಗುತ್ತದೆ, ಹತ್ತುವುದು ಸುಲಭ. ಕೆಂಪು ಬಂಡೆಯ ಕಡಲತೀರ ದಾಟಿ ಕಡಲು ತುಂಬಿದ ಕುಳಿಯ ನಡುವಿನ ಪಾಲೆಯಾ ಕಾಮೆನಿ ಎಂಬ ಪುಟ್ಟ ನಡುಗಡ್ಡೆಗೆ ಹೋದೆವು. ಅಲ್ಲಿ ಬಿಸಿನೀರಿನ ಬುಗ್ಗೆಯಿದೆ, ಕಬ್ಬಿಣದ ಅಂಶದಿಂದ ನೀರಿಗೆ ತುಕ್ಕಿನ ಬಣ್ಣ. ಇಯಾದ ಕೋಟೆಯ ಮೇಲೆ ನೂಕುನುಗ್ಗಲಿನಲ್ಲಿ ನೋಡಬೇಕಾದ ಸೂರ್ಯಾಸ್ತವನ್ನು ಅಮ್ಮ ದೋಣಿಯಲ್ಲಿ ಕಾಲು ಚಾಚಿ ಕುಳಿತು ನೋಡಿದರು. ಫಿರಾಗೆ ಹೋಗುವ ದಿನವನ್ನೂ ಪ್ರವಾಸಿ ಹಡಗುಗಳ ವೇಳಾಪಟ್ಟಿ ನೋಡಿಯೇ ಗೊತ್ತು ಮಾಡಿದ್ದೆ. 2025ರಿಂದ ದಿನಕ್ಕೆ 8,000 ಹಡಗು ಪ್ರಯಾಣಿಕರ ಮಿತಿ ಇದ್ದರೂ ಆ ಕಿರಿದಾದ ಓಣಿಗಳಿಗೆ ಅದೂ ಹೆಚ್ಚೇ.

ಊಟದ ಚಿಂತೆ ಸಸ್ಯಾಹಾರಿಗಳಾದ ನಮಗೆ ದೊಡ್ಡದಿತ್ತು, ಆದರೆ ಗ್ರೀಕರ ಮನೆಯಡುಗೆ ಕೈಹಿಡಿಯಿತು. ಸ್ಯಾಂಟೊರಿನಿಯ ಫಾವಾ ನಮ್ಮ ಗಟ್ಟಿ ತೊವ್ವೆಯಂತೆಯೇ ಇರುತ್ತದೆ, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ. ನಾಕ್ಸೋಸ್‌ನ ಆಲೂಗಡ್ಡೆಗೂ ಗ್ರಾವಿಯೆರಾ ಚೀಸ್‌ಗೂ ಗ್ರೀಸ್‌ನಲ್ಲೆಲ್ಲ ಹೆಸರಿದೆ. ತರಕಾರಿಯನ್ನು ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ಬ್ರಿಯಾಮ್, ಟೊಮೆಟೊ ಗೊಜ್ಜಿನ ದಪ್ಪ ಬಿಳಿ ಕಾಳು ಹೆಚ್ಚಿನ ಹೋಟೆಲುಗಳಲ್ಲಿ ಸಿಗುತ್ತವೆ. ಅವರ ಉಪವಾಸದ ಅಡುಗೆಗೆ ನಿಸ್ತಿಸಿಮೊ ಎನ್ನುತ್ತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಸಿಗಡಿ ಇರಬಹುದು. ಅನ್ನ ತುಂಬಿದ ಟೊಮೆಟೊಗೂ ಕೆಲವು ಕಡೆ ಕೊಚ್ಚಿದ ಮಾಂಸ ಸೇರಿಸುತ್ತಾರೆ. ಎರಡನ್ನೂ ವಿಚಾರಿಸಿಕೊಂಡೇ ತರಿಸಿ.