ಎಂ.ಎಸ್ಸಿ. ಮುಗಿಯುವ ಮೊದಲೇ: ಜೀವವಿಜ್ಞಾನ ಓದುವ ಹೆಣ್ಣುಮಕ್ಕಳು ವೃತ್ತಿಯನ್ನೂ ವೃತ್ತಿ ಪರಿಚಯಗಳನ್ನೂ ಕಟ್ಟಿಕೊಳ್ಳುವ ಬಗೆ

ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿಯಲ್ಲಾಗಲಿ, ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಾಗಲಿ, ಜೀವವಿಜ್ಞಾನದ ತರಗತಿಯೊಳಗೆ ಇಣುಕಿದರೆ ಬೆಂಚುಗಳಲ್ಲಿ ಹುಡುಗಿಯರೇ ಹೆಚ್ಚಾಗಿ ಕಾಣುತ್ತಾರೆ. ಕೆಲವು ವರ್ಷಗಳ ನಂತರ ಅದೇ ಹುಡುಗಿಯರನ್ನು ಸಂಶೋಧನಾಲಯಗಳಲ್ಲಿ, ಔಷಧ ಕಂಪನಿಗಳ ಗುಣಮಟ್ಟ ವಿಭಾಗಗಳಲ್ಲಿ, ವಿಶ್ವವಿದ್ಯಾನಿಲಯಗಳ ಕಾಯಂ ಹುದ್ದೆಗಳಲ್ಲಿ ಹುಡುಕಿದರೆ ಸಿಗುವವರು ಕೆಲವರೇ. ಮದುವೆ, ಮನೆ, ದೂರ ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ, ಅವು ಸುಳ್ಳಲ್ಲ. ಆದರೆ ಅಷ್ಟಾಗಿ ಯಾರೂ ಹೇಳದ ಇನ್ನೊಂದು ಕಾರಣವಿದೆ: ಪದವಿ ಕೈಗೆ ಬರುವ ಹೊತ್ತಿಗೆ ಅವರ ವಿಭಾಗದ ಆಚೆ ಅವರ ಕೆಲಸವನ್ನು ಬಲ್ಲವರು ಒಬ್ಬರೂ ಇರುವುದಿಲ್ಲ. ಬೆಂಗಳೂರಿನಲ್ಲಿ ಓದುವವಳಿಗೆ ಯಾವುದೋ ಉಪನ್ಯಾಸ ಕೇಳಲು ಹೋದಾಗ ತಾನಾಗಿ ಆಗಿಬಿಡುವ ಪರಿಚಯವನ್ನು ನಮ್ಮ ಭಾಗದವರು ಯೋಚಿಸಿ, ಸಮಯ ಕೊಟ್ಟು ಮಾಡಿಕೊಳ್ಳಬೇಕಾಗುತ್ತದೆ. ಅದನ್ನು ಮಾಡಿಕೊಳ್ಳುವ ಕ್ರಮವೇ ಈ ಬರಹದ ವಿಷಯ.

ಪ್ರಾಜೆಕ್ಟಿನಿಂದಲೇ ಆರಂಭಿಸಿ

ಕೊನೆಯ ವರ್ಷದ ಪ್ರಾಜೆಕ್ಟನ್ನು ಹೆಚ್ಚಿನವರು ಅಂಕಕ್ಕಾಗಿ ಮುಗಿಸಿ ಬೈಂಡ್ ಮಾಡಿಸಿ ಕಪಾಟಿನಲ್ಲಿ ಇಡುತ್ತಾರೆ. ನನ್ನ ಸಲಹೆಯೆಂದರೆ, ಹೊರಗಿನ ಕನಿಷ್ಠ ಇಬ್ಬರನ್ನು ಕೇಳದೆ ಮುಗಿಸಲು ಆಗದಂಥ ವಿಷಯವನ್ನು ಆರಿಸಿಕೊಳ್ಳಬೇಕು. ದಾವಣಗೆರೆ ಮೆಕ್ಕೆಜೋಳದ ಸೀಮೆ, ಚಳ್ಳಕೆರೆ ಶೇಂಗಾದ ಸೀಮೆ. ಈ ಎರಡೂ ಬೆಳೆಗಳಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ತಗುಲಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎಂಬುದು ಸೂಕ್ಷ್ಮಜೀವಿಶಾಸ್ತ್ರ ಓದಿದ ಎಲ್ಲರಿಗೂ ಗೊತ್ತು. ಗೋದಾಮಿನಲ್ಲಿ ಇಟ್ಟ ಕಾಳಿನಲ್ಲಿ ಈ ಬೂಷ್ಟಿನ ಪ್ರಮಾಣವನ್ನು ನೋಡುವ ಸಣ್ಣ ಪ್ರಾಜೆಕ್ಟನ್ನೇ ಕೈಗೆತ್ತಿಕೊಂಡರೂ, ಮಾದರಿಗಾಗಿ ಎಪಿಎಂಸಿಯ ವರ್ತಕರನ್ನು ಕಾಣಬೇಕು, ಕೊಯ್ಲು ಮತ್ತು ಒಣಗಿಸುವ ಪದ್ಧತಿ ತಿಳಿಯಲು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ವಿಜ್ಞಾನಿಗಳನ್ನು ಕೇಳಬೇಕು, ಪರೀಕ್ಷಾ ವಿಧಾನಕ್ಕಾಗಿ ಆಹಾರ ಪರೀಕ್ಷಾಲಯದವರೊಡನೆ ಮಾತನಾಡಬೇಕು. ಪ್ರಾಜೆಕ್ಟ್ ಮುಗಿಯುವುದರೊಳಗೆ ನಿಮ್ಮ ಹೆಸರು, ನೀವು ಹೇಳಿದ ದಿನಕ್ಕೆ ಬರುವವರೋ ಇಲ್ಲವೋ, ಮಾದರಿಗಳಿಗೆ ಸರಿಯಾಗಿ ಗುರುತು ಹಾಕುವವರೋ ಇಲ್ಲವೋ ಎಂಬುದನ್ನೆಲ್ಲ ಬಲ್ಲ ಮೂರು ನಾಲ್ಕು ಜನ ಇರುತ್ತಾರೆ. ವೃತ್ತಿ ಪರಿಚಯ ಎಂದರೆ ಮೂಲದಲ್ಲಿ ಇಷ್ಟೇ.

ಇದೇ ರೀತಿ ಜೀವರಸಾಯನಶಾಸ್ತ್ರದವರು ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಅಥವಾ ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯಗಳ ಕಡೆಗೆ, ಜೈವಿಕ ತಂತ್ರಜ್ಞಾನದವರು ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನ ಕಡೆಗೆ, ಸಸ್ಯಶಾಸ್ತ್ರದವರು ತುಂಗಭದ್ರೆಯ ಆಚೆ ರಾಣೆಬೆನ್ನೂರಿನಲ್ಲಿರುವ ಬೀಜೋತ್ಪಾದನಾ ಕಂಪನಿಗಳ ಕಡೆಗೆ ನೋಡಬಹುದು. ಪ್ರಾಣಿಶಾಸ್ತ್ರದವರಿಗೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯವೂ ಚನ್ನಗಿರಿಯ ಸೂಳೆಕೆರೆಯೂ ಹತ್ತಿರದಲ್ಲೇ ಇವೆ. ಅರಣ್ಯದೊಳಗಿನ ಕೆಲಸಕ್ಕೆ ಇಲಾಖೆಯ ಲಿಖಿತ ಅನುಮತಿ ಬೇಕು, ಅದನ್ನು ಮಾರ್ಗದರ್ಶಕರ ಮೂಲಕ ಬಹಳ ಮುಂಚೆಯೇ ಕೇಳಬೇಕು.

ಹೊರಗಿನವರಿಗೆ ಪತ್ರ ಬರೆಯುವುದು

ಗುರುತಿಲ್ಲದ ವಿಜ್ಞಾನಿಗೆ ಪತ್ರ ಬರೆಯುವುದನ್ನು ವಶೀಲಿ ಹಚ್ಚುವುದಕ್ಕೆ ಸಮಾನವೆಂದು ಭಾವಿಸಿ ಹಿಂಜರಿಯುವ ವಿದ್ಯಾರ್ಥಿನಿಯರು ನಮ್ಮಲ್ಲಿ ಬಹಳ. ವಿಜ್ಞಾನದಲ್ಲಿ ಇದು ದಿನನಿತ್ಯದ ವ್ಯವಹಾರ, ಪತ್ರ ಪಡೆದವರು ಇದನ್ನು ಅತಿಸಲುಗೆ ಎಂದು ತಿಳಿಯುವುದಿಲ್ಲ. ಅವರಿಗೆ ಬೇಸರ ತರುವುದು ಒಂದೇ ಒಕ್ಕಣೆಯನ್ನು ಐವತ್ತು ಜನರಿಗೆ ಕಳುಹಿಸುವ ಇ-ಮೇಲ್. ಅದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಅಲ್ಲಿಗೇ ಅಳಿಸಿಹೋಗುತ್ತದೆ.

ಆದ್ದರಿಂದ ನಿಮ್ಮ ವಿಷಯಕ್ಕೆ ಹತ್ತಿರದ ಕೆಲಸ ಮಾಡುವ ನಾಲ್ಕೈದು ಪ್ರಯೋಗಾಲಯಗಳನ್ನು ಮಾತ್ರ ಆರಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಜಿಕೆವಿಕೆ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಮುಂತಾದ ಸಂಸ್ಥೆಗಳ ಜಾಲತಾಣಗಳಲ್ಲಿ ಪ್ರತಿಯೊಬ್ಬ ವಿಜ್ಞಾನಿಯ ಕೆಲಸದ ವಿವರ ಇರುತ್ತದೆ. ಅವರ ಒಂದು ಲೇಖನವನ್ನಾದರೂ ಪೂರ್ತಿ ಓದಿ. ಅರ್ಥವಾಗದ ಭಾಗ ಇದ್ದೇ ಇರುತ್ತದೆ, ಆ ಭಾಗವೇ ನಿಮ್ಮ ಪತ್ರಕ್ಕೆ ವಿಷಯ. ಪತ್ರ ಇಂಗ್ಲಿಷಿನಲ್ಲೇ ಹೋಗಬೇಕಾದರೂ ಅದರ ಸಾರ ಇಷ್ಟಿದ್ದರೆ ಸಾಕು: "ನಾನು ದಾವಣಗೆರೆಯಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎರಡನೇ ವರ್ಷದ ಎಂ.ಎಸ್ಸಿ. ವಿದ್ಯಾರ್ಥಿನಿ. ಶೇಂಗಾದ ಬೂಷ್ಟಿನ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ತಮ್ಮ ಲೇಖನದಲ್ಲಿ ಬಳಸಿದ ಪ್ರತ್ಯೇಕಿಸುವ ವಿಧಾನವನ್ನು ನಮ್ಮ ಪ್ರಯೋಗಾಲಯದಲ್ಲಿ ಪ್ರಯತ್ನಿಸಿದೆ, ಈ ಹಂತದಲ್ಲಿ ಇಂಥ ತೊಂದರೆ ಬಂದಿದೆ. ಬೇಸಿಗೆಯಲ್ಲಿ ಎರಡು ತಿಂಗಳು ತಮ್ಮಲ್ಲಿ ಕಲಿಯಲು ಅವಕಾಶವಿದೆಯೇ? ನನ್ನ ಪರಿಚಯ ಪತ್ರವನ್ನು (ಸಿ.ವಿ.) ಲಗತ್ತಿಸಿದ್ದೇನೆ." ಹೆಸರಿನ ಕಾಗುಣಿತ ತಪ್ಪಬಾರದು. ಮಹಿಳಾ ವಿಜ್ಞಾನಿಗೆ "ಮಾನ್ಯ ಸರ್" ಎಂದು ಬರೆಯಬಾರದು, ಇದು ಎಷ್ಟು ಸಾಮಾನ್ಯ ಎಂದರೆ ನಂಬಲಾರಿರಿ. ಪರಿಚಯ ಪತ್ರ ಎರಡು ಪುಟ ಮೀರದಿರಲಿ, ಅದರಲ್ಲಿ ನೀವು ಕೈಯಾರೆ ಮಾಡಿದ ಪ್ರಯೋಗಗಳಷ್ಟೇ ಇರಲಿ. ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರವನ್ನು ದೂರದಿಂದ ನೋಡಿದವರು ಅದನ್ನು ತಮ್ಮ ಕೌಶಲಗಳ ಪಟ್ಟಿಗೆ ಸೇರಿಸಿಕೊಂಡರೆ ಸಂದರ್ಶನದ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಅನಂತರ ಸುಮ್ಮನಾಗಿ. "ಈಗ ಜಾಗವಿಲ್ಲ" ಎಂಬ ಉತ್ತರ ಬಂದರೂ ಧನ್ಯವಾದ ಬರೆಯಿರಿ. ಮುಂದೆ ನಿಮ್ಮ ಪ್ರಾಜೆಕ್ಟ್ ಮುಗಿದಾಗ ಫಲಿತಾಂಶವನ್ನು ನಾಲ್ಕು ಸಾಲಿನಲ್ಲಿ ತಿಳಿಸಿ. ಬಹುಪಾಲು ಜನ ಬಿಟ್ಟುಬಿಡುವುದು ಈ ಎರಡನೇ ಪತ್ರವನ್ನು. ನನ್ನ ಅಭಿಪ್ರಾಯದಲ್ಲಿ ನೆನಪಿನಲ್ಲಿ ಉಳಿಯುವುದು ಮೊದಲನೆಯದಕ್ಕಿಂತ ಅದೇ, ಏಕೆಂದರೆ ಅದರಲ್ಲಿ ಏನನ್ನೂ ಕೇಳಿರುವುದಿಲ್ಲ.

ಪತ್ರವಲ್ಲದೆ ಅರ್ಜಿಯ ದಾರಿಯೂ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜೊತೆಯಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ವಿದ್ಯಾರ್ಥಿಗಳೂ ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಸುಮಾರು ಎರಡು ತಿಂಗಳು ಭತ್ಯೆಯೊಂದಿಗೆ ಕೆಲಸ ಮಾಡುವ ಅವಕಾಶ ಸಿಗುತ್ತದೆ. ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಕೊನೆಯ ದಿನದ ಹಿಂದಿನ ಸಂಜೆ ಹೋಗಿ "ಸರ್, ಒಂದು ಲೆಟರ್ ಬೇಕಿತ್ತು" ಎಂದರೆ ಸಿಗುವುದು ಎಲ್ಲರಿಗೂ ಒಗ್ಗುವ ಸಪ್ಪೆ ಪತ್ರ. ಮೂರು ವಾರ ಮುಂಚೆಯೇ ಹೋಗಿ, ನೀವು ಏನು ಮಾಡಿದ್ದೀರಿ, ಎಲ್ಲಿಗೆ ಅರ್ಜಿ ಹಾಕುತ್ತಿದ್ದೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಟ್ಟರೆ ಅವರೂ ನಿಮ್ಮ ಬಗ್ಗೆ ನಿರ್ದಿಷ್ಟವಾಗಿ ಬರೆಯಬಲ್ಲರು.

ಪರೀಕ್ಷೆಗಳು ಮತ್ತು ಮನೆಯ ಮಾತುಕತೆ

ಪಿಎಚ್‌ಡಿಯ ಕಡೆಗೆ ಹೋಗುವವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್, ಜೈವಿಕ ತಂತ್ರಜ್ಞಾನ ಇಲಾಖೆಯ ಬೆಟ್, ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಜೆಆರ್‌ಎಫ್ (ಸಂಶೋಧನೆಗೆ ಸೇರಿದವರಿಗೆ ತಿಂಗಳ ಹಣ ಕೊಡುವ ಕಿರಿಯ ಸಂಶೋಧನಾ ಫೆಲೋಶಿಪ್) ಹಾಗೂ ಗೇಟ್ ಪರೀಕ್ಷೆಗಳಿವೆ. ರಾಜ್ಯದ ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆಗೆ ಕೆ-ಸೆಟ್ ಇದೆ. ಸಿಎಸ್‌ಐಆರ್‌ನ ಜೆಆರ್‌ಎಫ್‌ಗೆ ಮಹಿಳೆಯರಿಗೆ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ಇರುವುದರಿಂದ, ಒಂದೆರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದವರು ಸಮಯ ಮೀರಿತೆಂದು ಕೈಬಿಡಬೇಕಾಗಿಲ್ಲ.

ಮನೆಯವರೊಡನೆ ಮಾತನಾಡುವಾಗ "ನನಗೆ ರಿಸರ್ಚ್ ಮಾಡಬೇಕು" ಎಂಬ ಮಾತಿಗೆ ತೂಕ ಕಡಿಮೆ. ಅಪ್ಪ ಅಮ್ಮನಿಗೆ ಅದು ಇನ್ನೂ ಐದು ವರ್ಷದ ಖರ್ಚಿನ ಓದಾಗಿ ಕೇಳಿಸುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000 ರೂಪಾಯಿ, ನಿಯಮದಂತೆ ಮನೆ ಬಾಡಿಗೆ ಭತ್ಯೆ ಬೇರೆ ಎಂದು ಹೇಳಿ. ಹಾಸ್ಟೆಲ್ ಆವರಣದೊಳಗೇ ಇದೆಯೇ ಎಂಬುದನ್ನು ವಿಚಾರಿಸಿಕೊಂಡು ಹೇಳಿ. ದಾವಣಗೆರೆಯಲ್ಲಿ ನಿಲ್ಲುವ ವಂದೇ ಭಾರತ್ ರೈಲಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಬೆಂಗಳೂರು ಎಂದು ಹೇಳಿ. ಅದೇ ಪ್ರಯೋಗಾಲಯದಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿನಿಯೊಬ್ಬಳು ನಿಮ್ಮ ತಾಯಿಯೊಡನೆ ಫೋನಿನಲ್ಲಿ ಹತ್ತು ನಿಮಿಷ ಮಾತನಾಡಿದರೆ, ಅದು ನಿಮ್ಮ ಹತ್ತು ವಾದಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮದುವೆಯ ಮಾತು ನಡೆಯುತ್ತಿದ್ದರೆ, ಪಿಎಚ್‌ಡಿ ಅವಧಿಯಲ್ಲಿ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೂ ಪ್ರಬಂಧ ಸಲ್ಲಿಕೆಗೆ ಹೆಚ್ಚುವರಿ 2 ವರ್ಷಗಳಿಗೂ ಯುಜಿಸಿ ನಿಯಮಗಳಲ್ಲಿ ಅವಕಾಶವಿದೆ ಎಂಬುದನ್ನು ಎರಡೂ ಮನೆಯವರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಸಂದರ್ಶನದಲ್ಲಿ "ಮದುವೆಯಾದ ಮೇಲೆ ಬಿಟ್ಟುಹೋಗುತ್ತೀರಾ" ಎಂಬ ಪ್ರಶ್ನೆ ಇಂದಿಗೂ ಬರುತ್ತದೆ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿಯವರಿಗೆ ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿ, ಅವರು ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥವೆಂಬ ಷರತ್ತಿನ ಮೇಲೆ ಸೇರಿಸಿಕೊಂಡಿದ್ದರು. ಅದೇ ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಇಂದು ಅಂಥ ಷರತ್ತು ಹಾಕುವಂತಿಲ್ಲ, ಆದರೆ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. "ಈ ಯೋಜನೆಯ ಅವಧಿ ಮೂರು ವರ್ಷ, ಅದನ್ನು ಪೂರೈಸುವ ಉದ್ದೇಶದಿಂದಲೇ ಬಂದಿದ್ದೇನೆ" ಎಂದು ಹೇಳಿ ಮಾತನ್ನು ಕೆಲಸದ ಕಡೆಗೆ ತಿರುಗಿಸಿ. ವಿವರಣೆ ಕೊಡಲು ಹೋಗಬೇಡಿ.

ಪ್ರಯೋಗಾಲಯದ ಮೇಜೇ ಎಲ್ಲರಿಗೂ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ಕೆಲಸ, ವೈದ್ಯಕೀಯ ಬರವಣಿಗೆ, ಕ್ಲಿನಿಕಲ್ ಟ್ರಯಲ್‌ಗಳ ಸಂಯೋಜನೆ, ಗುಣಮಟ್ಟ ನಿಯಂತ್ರಣ, ಪೇಟೆಂಟ್ ಶೋಧನೆ ಇವೆಲ್ಲವೂ ಜೀವವಿಜ್ಞಾನದ ಪದವಿಯಿಂದಲೇ ತೆರೆಯುವ ವೃತ್ತಿಗಳು. ಇವುಗಳಲ್ಲಿ ಪೇಟೆಂಟ್ ಕೆಲಸ ನಮ್ಮ ಭಾಗದವರಿಗೆ ಅಪರಿಚಿತ. ವಿಜ್ಞಾನದ ಪದವಿ ಇರುವವರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು.

ಸಭೆ, ಸಮ್ಮೇಳನ, ಮೊಬೈಲ್

ಸಮ್ಮೇಳನಕ್ಕೆ ಪ್ರಮಾಣಪತ್ರಕ್ಕಾಗಿ ಮಾತ್ರ ಹೋಗುವುದಾದರೆ ಆ ಹಣವನ್ನು ಉಳಿಸುವುದೇ ಲೇಸು. ಹೋದರೆ ಪೋಸ್ಟರ್ ಒಯ್ಯಿರಿ, ಅದರ ಪಕ್ಕದಲ್ಲೇ ನಿಲ್ಲಿ, ಊಟದ ಸಾಲಿನಲ್ಲಿ ಗೆಳತಿಯರ ಗುಂಪಿನಿಂದ ಸ್ವಲ್ಪ ಹೊತ್ತು ಹೊರಬನ್ನಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದೇ ಕಷ್ಟ. ಅದಕ್ಕೆ ನಾನು ಕಂಡ ಉಪಾಯವೆಂದರೆ, ತಮ್ಮ ಪ್ರಾಜೆಕ್ಟನ್ನು ಮೂರು ನಿಮಿಷದಲ್ಲಿ ಮೊದಲು ಕನ್ನಡದಲ್ಲಿ ಮನೆಯವರಿಗೆ ಅರ್ಥವಾಗುವಂತೆ ಹೇಳಿ, ಅದೇ ಕ್ರಮವನ್ನು ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುವುದು. ತಡವರಿಸುವುದು ಹೆಚ್ಚಾಗಿ ಭಾಷೆಯ ಜಾಗದಲ್ಲಲ್ಲ, ವಿಷಯ ತನಗೇ ಸ್ಪಷ್ಟವಿಲ್ಲದ ಜಾಗದಲ್ಲಿ ಎಂಬುದು ಆಗ ಗೊತ್ತಾಗುತ್ತದೆ.

ಲಿಂಕ್ಡ್‌ಇನ್‌ನಲ್ಲಿ ಒಂದು ಪುಟ, ಸಂಶೋಧಕರಿಗೆ ಉಚಿತವಾಗಿ ಸಿಗುವ ಆರ್ಕಿಡ್ (ORCID) ಗುರುತಿನ ಸಂಖ್ಯೆ, ಸಂಸ್ಥೆಗಳ ಹುದ್ದೆ ಪ್ರಕಟಣೆಗಳನ್ನು ಒಟ್ಟಿಗೆ ಕೊಡುವ ಇಂಡಿಯಾ ಬಯೋಸೈನ್ಸ್ ಜಾಲತಾಣದ ಮೇಲೆ ವಾರಕ್ಕೊಮ್ಮೆ ಕಣ್ಣು, ಇಷ್ಟು ಸಾಕು. ವಿಭಾಗದ ಹಳೆಯ ವಿದ್ಯಾರ್ಥಿನಿಯರ ವಾಟ್ಸ್ಆ್ಯಪ್ ಗುಂಪು ನಿಜಕ್ಕೂ ಬೆಲೆಬಾಳುವ ವಸ್ತು, ಶುಭೋದಯದ ಹೂವಿನ ಚಿತ್ರಗಳಿಂದ ಅದನ್ನು ಕಾಪಾಡುವ ಒಬ್ಬ ಗಟ್ಟಿ ಅಡ್ಮಿನ್ ಇದ್ದರೆ.

ಕಾಲೇಜು, ಶಾಲೆಗಳಲ್ಲಿ ಪಾಠ ಮಾಡುತ್ತಿರುವವರು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವನ್ನು ಮರೆಯಬಾರದು. ಅಲ್ಲಿಯ ಪ್ರತಿಭಾ ಅಭಿವೃದ್ಧಿ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ಪ್ರಾಯೋಗಿಕ ತರಬೇತಿ ನೀಡುತ್ತದೆ.

ವಿರಾಮದ ನಂತರ

ಮದುವೆ, ಹೆರಿಗೆ, ಹಿರಿಯರ ಆರೈಕೆ ಎಂದು ಕೆಲಸ ನಿಂತವರು ಪರಿಚಯಗಳನ್ನೂ ನಿಲ್ಲಿಸಿಬಿಡುತ್ತಾರೆ, ಹಾನಿ ಹೆಚ್ಚಾಗುವುದು ಇದರಿಂದ. ಹಳೆಯ ಮಾರ್ಗದರ್ಶಕರಿಗೆ ವರ್ಷಕ್ಕೆರಡು ಬಾರಿ ಪತ್ರ ಬರೆಯುವುದು, ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ತಾಣದಲ್ಲಿ ಉಚಿತವಾಗಿ ಸಿಗುವ ಒಂದು ಕೋರ್ಸ್ ಮುಗಿಸುವುದು, ಮಗು ಮಲಗಿದಾಗ ಮನೆಯ ಲ್ಯಾಪ್‌ಟಾಪಿನಲ್ಲೇ ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿರುವ ಡಿಎನ್‌ಎ ಅನುಕ್ರಮಗಳನ್ನು ಬ್ಲಾಸ್ಟ್ ಎಂಬ ತಂತ್ರಾಂಶದ ಮೂಲಕ ಹೋಲಿಸುವ ಅಭ್ಯಾಸ ಇಟ್ಟುಕೊಳ್ಳುವುದು, ಇವು ಸಣ್ಣವಾದರೂ ಸಂದರ್ಶನದಲ್ಲಿ ಹೇಳಲು ಬರುತ್ತವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಕಾರ್ಯಕ್ರಮದಡಿ ಮಹಿಳೆಯರಿಗೆಂದೇ ಪಿಎಚ್‌ಡಿಗೂ ಪಿಎಚ್‌ಡಿ ನಂತರದ ಸಂಶೋಧನೆಗೂ ಫೆಲೋಶಿಪ್‌ಗಳಿವೆ, ಬೌದ್ಧಿಕ ಆಸ್ತಿ ಹಕ್ಕುಗಳ ಕ್ಷೇತ್ರದಲ್ಲಿ ಒಂದು ವರ್ಷದ ತರಬೇತಿಯೂ ಇದೆ. ಜೈವಿಕ ತಂತ್ರಜ್ಞಾನ ಇಲಾಖೆ ಬಯೋಕೇರ್ ಹೆಸರಿನ ಯೋಜನೆಯನ್ನು ಇದೇ ಉದ್ದೇಶಕ್ಕೆ ಆರಂಭಿಸಿತು. ಅರ್ಜಿ ಕರೆದಿರುವ ದಿನಗಳನ್ನೂ ವಯೋಮಿತಿಯನ್ನೂ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಅರ್ಜಿಯಲ್ಲಿ ವಿರಾಮದ ಕಾರಣವನ್ನು ಒಂದೇ ವಾಕ್ಯದಲ್ಲಿ, ಇಸವಿಯೊಂದಿಗೆ, ಕ್ಷಮೆಯ ಧಾಟಿಯಿಲ್ಲದೆ ಬರೆಯಿರಿ.

ಕೆಲಸದ ಜಾಗಕ್ಕೆ ಸೇರುವ ಮೊದಲ ವಾರವೇ ತಿಳಿದುಕೊಳ್ಳಬೇಕಾದ ವಿಷಯವೊಂದಿದೆ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕದಾದ ರಕ್ತಪರೀಕ್ಷಾ ಲ್ಯಾಬ್‌ಗಳಂಥ ಕಡೆ ದುಡಿಯುವವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಆಂತರಿಕ ಸಮಿತಿಯ ಸದಸ್ಯರ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು; ಕಾಣದಿದ್ದರೆ, ತೊಂದರೆ ಏನೂ ಇಲ್ಲದಾಗಲೇ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.