ಡೇರಿ ಲೆಕ್ಕ: ಲೀಟರ್ ತಾಳೆಯಾದರೆ ಸಾಲದು

ಹಾಲು ಉತ್ಪಾದಕರ ಸಂಘಕ್ಕೆ ಎಂಐಎಸ್ (ತೀರ್ಮಾನಕ್ಕೆ ಬೇಕಾದ ಮಾಹಿತಿ ಒದಗಿಸುವ ಲೆಕ್ಕದ ವ್ಯವಸ್ಥೆ) ಕಟ್ಟುವಾಗ ನಾನು ಸಾಫ್ಟ್‌ವೇರಿನಿಂದ ಶುರು ಮಾಡುವುದಿಲ್ಲ. ಯಾರು, ಯಾವಾಗ, ಏನು ತೀರ್ಮಾನ ಮಾಡಬೇಕು ಎಂದು ಮೊದಲು ಬರೆದುಕೊಳ್ಳುತ್ತೇನೆ. ಹಾಲು ಪರೀಕ್ಷಕರಿಗೆ ಕ್ಯೂನಲ್ಲಿ ನಿಂತವರ ಹಾಲಿನ ಫ್ಯಾಟ್ (ಶೇಕಡಾವಾರು ಜಿಡ್ಡು), ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಆಗಲೇ ಬೇಕು. ಕಾರ್ಯದರ್ಶಿಗೆ ಬೆಳಿಗ್ಗೆ, ಸಂಜೆ ಎರಡೂ ಸರದಿಯ ತಾಳೆ ಬೇಕು. ಆಡಳಿತ ಮಂಡಳಿಗೆ ತಿಂಗಳಿಗೊಂದು ಹಾಳೆ ಸಾಕು. ನಲವತ್ತು ಪುಟ ಇಟ್ಟರೆ ಸಹಿ ಬೀಳುತ್ತದೆ, ಓದು ಆಗುವುದಿಲ್ಲ.

ನಾನು ಇಡುವ ಪಟ್ಟಿಗಳು ಮೂರು: ಸದಸ್ಯರದು, ಸಂಗ್ರಹಣೆಯದು, ವಿಲೇವಾರಿಯದು. ಮೂರನ್ನೂ ಬೆಸೆಯುವುದು ದಿನಾಂಕ, ಸರದಿ ಮತ್ತು ಸದಸ್ಯರ ಕೋಡ್. ತೀರಿಹೋದವರ ಕೋಡನ್ನು ಮಗನಿಗೋ ಸೊಸೆಗೋ ಹಾಗೇ ಕೊಡುವ ರೂಢಿ ಉಂಟಲ್ಲ, ಅದನ್ನು ಮೊದಲು ನಿಲ್ಲಿಸಬೇಕು. ಹಳೆಯ ಬ್ಯಾಂಕ್ ಖಾತೆ ಆ ಕೋಡಿಗೇ ಅಂಟಿಕೊಂಡಿರುತ್ತದೆ, ಬಟವಾಡೆ ಅಲ್ಲಿಗೇ ಹೋಗುತ್ತದೆ.

ಎಕ್ಸೆಲ್‌ನಲ್ಲಿ ಹೆಚ್ಚಿನವರು ಎಡವುವುದು ಸರಾಸರಿಯಲ್ಲಿ. ಒಬ್ಬರದು 20 ಲೀಟರ್, ಫ್ಯಾಟ್ 3.5, ಇನ್ನೊಬ್ಬರದು 2 ಲೀಟರ್, 5.5. ಎರಡನ್ನೂ ಕೂಡಿ ಭಾಗಿಸಿದರೆ 4.5 ಬರುತ್ತದೆ. ಕ್ಯಾನಿನಲ್ಲಿ ನಿಜಕ್ಕೂ ಇರುವುದು 3.68. ಆದ್ದರಿಂದ ಪ್ರತಿ ಸಾಲಿನಲ್ಲೂ ಜಿಡ್ಡನ್ನು ಕಿಲೋದಲ್ಲಿ ಲೆಕ್ಕ ಹಾಕಿ, ಕೊನೆಗೆ ಕೂಡುತ್ತೇನೆ. ಲೀಟರನ್ನು ಸುಮಾರು 1.03ರಿಂದ ಗುಣಿಸಿದರೆ ಹಾಲಿನ ಕಿಲೋ, ಅದರಲ್ಲಿ ಫ್ಯಾಟಿನ ಶೇಕಡಾ ತೆಗೆದರೆ ಜಿಡ್ಡಿನ ಕಿಲೋ.

ಒಂದು ಸರದಿಯ ಮಾದರಿ ಲೆಕ್ಕ ನೋಡಿ. ಬಂದದ್ದು 412 ಲೀಟರ್, ಫ್ಯಾಟ್ 4.1: ಜಿಡ್ಡು 17.40 ಕಿಲೋ. ಸ್ಥಳೀಯ ಮಾರಾಟ 10 ಲೀಟರ್: 0.42 ಕಿಲೋ. ಸಂಘದ ಹಾಲು ಕೊಳ್ಳುವ ಒಕ್ಕೂಟಕ್ಕೆ ಹೋದದ್ದು 400 ಲೀಟರ್, ಅಲ್ಲಿ ಸಿಕ್ಕ ಫ್ಯಾಟ್ 3.9: 16.07 ಕಿಲೋ. ಲೀಟರಿನಲ್ಲಿ ನೋಡಿದರೆ ಕೊರತೆ ಎರಡೇ, ಚೆಲ್ಲಿತೋ ಅಳತೆಯಲ್ಲಿ ಹೋಯಿತೋ ಎಂದು ಬಿಟ್ಟುಬಿಡುತ್ತಾರೆ. ಜಿಡ್ಡಿನಲ್ಲಿ 0.91 ಕಿಲೋ ಕಾಣೆ! ಆ ಎರಡು ಲೀಟರಿನ ಪಾಲು 0.08 ಮಾತ್ರ. ಉಳಿದದ್ದೆಲ್ಲ ಪರೀಕ್ಷೆಯ ವ್ಯತ್ಯಾಸ.

ಹೀಗಾದಾಗ ಕಳ್ಳತನ ಎಂದು ಕೂಗುವ ಮೊದಲು ಸ್ಯಾಂಪಲ್ ನೋಡಿ. ನಿಂತ ಹಾಲಿನಲ್ಲಿ ಕೆನೆ ಮೇಲೇರಿರುತ್ತದೆ. ಪ್ಲಂಜರ್ (ಹಾಲು ಕಲಕುವ ಕೋಲು) ಆಡಿಸದೆ ತೆಗೆದ ಸ್ಯಾಂಪಲ್ ಸುಳ್ಳು ಹೇಳುತ್ತದೆ. ಬಳಿಕ ಫ್ಯಾಟ್ ಅಳೆಯುವ ಯಂತ್ರ, ಅನಲೈಸರ್: ಸರದಿ ಮುಗಿದ ಮೇಲೆ ಸರಿಯಾಗಿ ತೊಳೆಯದಿದ್ದರೆ ಒಳಗೆ ಹಾಲಿನ ಗಟ್ಟಿ ಪದರ ಕಟ್ಟಿ ಅಂಕಿ ಜಾರುತ್ತದೆ. ಒಂದೇ ಸ್ಯಾಂಪಲನ್ನು ಎರಡು ಪಾಲು ಮಾಡಿ, ಒಂದನ್ನು ಯಂತ್ರದಲ್ಲಿ, ಇನ್ನೊಂದನ್ನು ಗರ್ಬರ್ ವಿಧಾನದಲ್ಲಿ (ಆಮ್ಲ ಹಾಕಿ ಜಿಡ್ಡು ಬೇರ್ಪಡಿಸಿ ಅಳೆಯುವುದು) ಪರೀಕ್ಷಿಸಿದರೆ ತಪ್ಪು ಯಂತ್ರದ್ದೋ ಕೈಯದೋ ತಿಳಿಯುತ್ತದೆ.

ವ್ಯತ್ಯಾಸ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬಂದರೆ ನಾನು ಸ್ಯಾಂಪಲ್ ತೆಗೆಯುವವರ ಪಕ್ಕ ನಿಲ್ಲುತ್ತೇನೆ. ದಿನಾ ಒಂದೇ ಕಡೆಗೆ ವಾಲಿದರೆ ಯಂತ್ರದ ಕ್ಯಾಲಿಬ್ರೇಶನ್‌ಗೆ ಬರೆಯುತ್ತೇನೆ. ಮಂಡಳಿಯ ಹಾಳೆಯಲ್ಲಿ ಜಿಡ್ಡಿನ ಈ ವ್ಯತ್ಯಾಸವೇ ಮೊದಲ ಸಾಲು, ಹಾಲಿನ ಒಟ್ಟು ಲೀಟರ್ ಅದರ ಕೆಳಗೆ. ಕರೆಂಟ್ ಹೋದ ಸರದಿಗೆ ಇದೇ ಕಾಲಂಗಳ ಅಚ್ಚಾದ ಪುಸ್ತಕ ಮೇಜಿನ ಮೇಲಿರಬೇಕು. ಅದರಿಂದ ಆಮೇಲೆ ಏರಿಸಿದ ಸಾಲುಗಳಿಗೆ ‘ಕೈಬರಹ’ ಎಂಬ ಗುರುತು ಹಾಕುತ್ತೇನೆ.